ಎಂಜಿನ್ ಗಾರ್ಡ್ ಆರಿಸುವಾಗ ಪೈಪ್ ಆಮೇಲೆ ನೋಡಿ, ಬೋಲ್ಟ್ ಮೊದಲು ನೋಡಿ

ನನ್ನ ಬೈಕು ಮೊದಲ ಸಲ ಬಿದ್ದದ್ದು ನಿಂತಲ್ಲೇ. ಸೈಡ್ ಸ್ಟ್ಯಾಂಡ್ ಪೂರ್ತಿ ಇಳಿದಿದೆ ಅಂದುಕೊಂಡು ಕಾಲು ತೆಗೆದೆ. ಅದು ಅರ್ಧಕ್ಕೇ ನಿಂತಿತ್ತು. ಗಾಡಿ ಯಾವ ಅವಸರವೂ ಇಲ್ಲದೆ ಎಡಕ್ಕೆ ವಾಲಿ ಮಲಗಿತು. ಎಂಜಿನ್ ಪಕ್ಕ ಹೊಸದಾಗಿ ಹಾಕಿಸಿದ್ದ ಸ್ಲೈಡರ್, ಅಂದರೆ ಬೋಲ್ಟಿನ ಮೇಲೆ ಕೂರುವ ಪ್ಲಾಸ್ಟಿಕ್ ಗುಬುಟಿನ ಗಾರ್ಡ್, ಇತ್ತು. ಎತ್ತಿ ನಿಲ್ಲಿಸಿ ನೋಡಿದರೆ ಎಂಜಿನ್ ಕವರ್ ಮೇಲೆ ಒಂದು ಗೀರೂ ಇಲ್ಲ. ಹಾಕಿಸಿದ್ದು ಸಾರ್ಥಕವಾಯಿತು ಅಂತ ಖುಷಿಪಟ್ಟೆ.

ಮಾರನೇ ದಿನ ಬೆಳಕಿನಲ್ಲಿ ನೋಡಿದಾಗ ಸ್ಲೈಡರಿನ ತುದಿ ಸ್ವಲ್ಪ ಮೇಲಕ್ಕೆ ಎದ್ದಿತ್ತು. ಬೋಲ್ಟ್ ಬಿಚ್ಚಿದೆ. ಅದರ ಸುತ್ತ ಸಣ್ಣ ಸ್ಪ್ರಿಂಗಿನ ಹಾಗೆ ಬೆಳ್ಳಗಿನ ಅಲ್ಯೂಮಿನಿಯಂ ಸುತ್ತಿಕೊಂಡು ಬಂತು. ಎಂಜಿನ್ ಕೇಸಿನ ಥ್ರೆಡ್ಡೇ ಕಿತ್ತು ಬಂದಿತ್ತು. ಕವರಿಗೆ ಗೀರು ಬಿದ್ದಿದ್ದರೆ ಒಂದು ಕವರ್ ಬದಲಾಯಿಸಿ ಸುಮ್ನೆ ಇರಬಹುದಿತ್ತು. ಈಗ ತೂತು ದೊಡ್ಡದು ಮಾಡಿ, ಹೆಲಿಕಾಯಿಲ್ ಅನ್ನುವ ಹೊಸ ಥ್ರೆಡ್ಡಿನ ಸುರುಳಿ ಕೂರಿಸಿ, ಎಂಜಿನ್ ಮೌಂಟನ್ನೇ (ಎಂಜಿನ್ ಫ್ರೇಮಿಗೆ ಕೂರುವ ಜಾಗ) ರಿಪೇರಿ ಮಾಡಿಸಬೇಕಾಯಿತು.

ಬಿದ್ದಾಗ ಬರುವ ಹೊಡೆತ ಗಾರ್ಡಿನಲ್ಲಿ ಮಾಯವಾಗುವುದಿಲ್ಲ. ಒಂದಷ್ಟನ್ನು ಅದು ಬಗ್ಗಿ, ಸವೆದು ನುಂಗಿಕೊಳ್ಳುತ್ತದೆ. ಉಳಿದದ್ದನ್ನು ತಾನು ಕೂತಿರುವ ಜಾಗಕ್ಕೆ ದಾಟಿಸುತ್ತದೆ. ಹಾಗಾಗಿ ಯಾವ ಗಾರ್ಡ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನೀವು ಬೀಳುವುದು ಎಲ್ಲಿ? ಗಾರ್ಡಿನ ಬೋಲ್ಟ್ ಕೂರುವುದು ಎಲ್ಲಿ?

ಬೀಳುವ ರೀತಿ ಮೂರು

ಒಂದು, ನಿಂತಲ್ಲಿ ಅಥವಾ ನಡಿಗೆಯ ವೇಗದಲ್ಲಿ ಬೀಳುವುದು. ಯು-ಟರ್ನ್ ಹೊಡೆಯುವಾಗ, ಇಳಿಜಾರಿನಲ್ಲಿ ನಿಲ್ಲಿಸುವಾಗ, ಜಲ್ಲಿ ಮೇಲೆ ಕಾಲು ಜಾರಿದಾಗ. ನಮ್ಮಲ್ಲಿ ಹೆಚ್ಚಿನವರ ಗಾಡಿ ಬೀಳುವುದು ಹೀಗೇ, ಒಪ್ಪಿಕೊಳ್ಳುವುದು ಕಡಿಮೆ ಅಷ್ಟೇ. ಎರಡು, ಟಾರಿನ ಮೇಲೆ ವೇಗದಲ್ಲಿ ಬಿದ್ದು ಉಜ್ಜಿಕೊಂಡು ಹೋಗುವುದು. ಮೂರನೆಯದು ಬೀಳುವ ಲೆಕ್ಕಕ್ಕೇ ಬರುವುದಿಲ್ಲ: ಕಚ್ಚಾ ದಾರಿಯಲ್ಲಿ ಕೆಳಗಿನಿಂದ ಕಲ್ಲು ಹೊಡೆಯುವುದು.

ಈ ಮೂರಕ್ಕೂ ಒಂದೇ ಗಾರ್ಡ್ ಸಾಕು ಅನ್ನುವವರ ಮಾತು ನಂಬಬೇಡಿ. ಮೊದಲನೆಯದಕ್ಕೆ ಪೈಪಿನ ಕ್ರ್ಯಾಶ್ ಗಾರ್ಡ್, ಎರಡನೆಯದಕ್ಕೆ ಸ್ಲೈಡರ್ ಮತ್ತು ಎಂಜಿನ್ ಕವರಿನ ಮೇಲೆ ಕೂರುವ ಕೇಸ್ ಕವರ್, ಮೂರನೆಯದಕ್ಕೆ ಎಂಜಿನ್ ತಳಕ್ಕೆ ಕಟ್ಟುವ ಬ್ಯಾಶ್ ಪ್ಲೇಟ್. ಸ್ಥೂಲವಾಗಿ ಲೆಕ್ಕ ಇಷ್ಟೇ. ಆದರೆ ಒಂದೊಂದರಲ್ಲೂ ಒಳಸುಳಿ ಇದೆ.

ಪೈಪಿನ ಕ್ರ್ಯಾಶ್ ಗಾರ್ಡ್

ಎಂಜಿನ್ನಿನ ಎರಡೂ ಪಕ್ಕ ಬಳೆಯ ಹಾಗೆ ಬಾಗಿದ ಉಕ್ಕಿನ ಪೈಪು. ಸಾಮಾನ್ಯವಾಗಿ 22ರಿಂದ 28 ಮಿ.ಮೀ. ದಪ್ಪ ಇರುತ್ತದೆ. ಗಟ್ಟಿ ಇದೆಯಾ ಅಂತ ನೋಡಲು ಎಲ್ಲರೂ ಪೈಪನ್ನು ಬೆರಳಿಂದ ತಟ್ಟುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಪೈಪಿನ ಬಿಗಿತ ಅದರ ಗೋಡೆಯ ದಪ್ಪಕ್ಕಿಂತ ಹೊರಗಿನ ವ್ಯಾಸದ ಮೇಲೆ ಜಾಸ್ತಿ ನಿಂತಿದೆ. ಗೋಡೆ ಅಷ್ಟೇ ಇಟ್ಟುಕೊಂಡು 22 ಮಿ.ಮೀ.ನಿಂದ 28ಕ್ಕೆ ಹೋದರೆ ಬಿಗಿತ ಸುಮಾರು ಎರಡು ಪಟ್ಟಾಗುತ್ತದೆ. ಹಾಗಂತ ಅತೀ ದಪ್ಪದ ಪೈಪು ತಂದು ಹಾಕುವುದೂ ಜಾಣತನವಲ್ಲ. ಬಿದ್ದಾಗ ಯಾವುದೋ ಒಂದು ಬಗ್ಗಲೇಬೇಕು. ಗಾರ್ಡ್ ಬಗ್ಗದಿದ್ದರೆ ಫ್ರೇಮ್ ಬಗ್ಗುತ್ತದೆ. ಬಗ್ಗಿದ ಗಾರ್ಡನ್ನು ಬಿಚ್ಚಿ ಬಿಸಾಡಬಹುದು, ಫ್ರೇಮನ್ನಲ್ಲ.

ನಾನು ನೋಡುವುದು ಪೈಪು ಎಷ್ಟು ಕಡೆ ಗಾಡಿಗೆ ಕಚ್ಚಿಕೊಂಡಿದೆ ಅನ್ನುವುದನ್ನು. ಒಂದು ಪಕ್ಕಕ್ಕೆ ಕನಿಷ್ಠ ಎರಡು ಕಡೆ, ಮೂರು ಇದ್ದರೆ ಒಳ್ಳೆಯದು. ಜೊತೆಗೆ ಎಡ ಮತ್ತು ಬಲದ ಪೈಪುಗಳನ್ನು ಮುಂದೆ ಸೇರಿಸುವ ಅಡ್ಡಪಟ್ಟಿ ಇರಬೇಕು. ಎಡಕ್ಕೆ ಬಿದ್ದಾಗ ಹೊಡೆತದ ಒಂದು ಪಾಲು ಆ ಅಡ್ಡಪಟ್ಟಿ ಮೂಲಕ ಬಲಪಕ್ಕದ ಬೋಲ್ಟ್‌ಗಳಿಗೂ ಹೋಗುತ್ತದೆ. ಅಡ್ಡಪಟ್ಟಿ ಇಲ್ಲದಿದ್ದರೆ ಎಡಪಕ್ಕದ ಎರಡು ಬೋಲ್ಟ್‌ಗಳೇ ಎಲ್ಲ ಹೊರಬೇಕು. ನೋಡಲು ಚಂದ ಇರುವ, ಎಡ ಬಲ ಬೇರೆ ಬೇರೆ ನಿಂತಿರುವ ಗಾರ್ಡ್‌ಗಳಲ್ಲಿ ಕೊರತೆ ಇದೇ.

ಫ್ರೇಮ್ ಯಾವ ಜಾತಿಯದು ಅನ್ನುವುದೂ ಇಲ್ಲಿ ಮುಖ್ಯ. ಎಂಜಿನ್ನನ್ನು ಕೆಳಗಿನಿಂದ ತೊಟ್ಟಿಲಿನ ಹಾಗೆ ಹಿಡಿದಿರುವ ಕ್ರೇಡಲ್ ಫ್ರೇಮ್ ಆದರೆ, ಮುಂದೆ ಇಳಿದು ಬರುವ ಪೈಪಿಗೆ ಗಾರ್ಡ್ ಕಟ್ಟಬಹುದು. ಹೊಡೆತ ಫ್ರೇಮಿಗೆ ಹೋಗುತ್ತದೆ, ಎಂಜಿನ್ನಿಗೆ ತಾಗುವುದಿಲ್ಲ. ಎಂಜಿನ್ನೇ ಫ್ರೇಮಿನ ಭಾಗವಾಗಿರುವ, ಕೆಳಗಡೆ ಪೈಪೇ ಇಲ್ಲದ ಗಾಡಿಗಳಲ್ಲಿ ಗಾರ್ಡಿನ ಬೋಲ್ಟ್ ಎಂಜಿನ್ ಕೇಸಿಗೇ ಹೋಗುತ್ತದೆ. ಅಲ್ಲಿ ಒಂದೇ ಬೋಲ್ಟಿನ ಮೇಲೆ ಎಲ್ಲ ಭಾರ ಹೇರುವ ಗಾರ್ಡ್ ಬೇಡ. ಬಾಕ್ಸರ್ ಎಂಜಿನ್ನಿನ ಕಥೆಯೇ ಬೇರೆ. ಸಿಲಿಂಡರ್‌ಗಳೇ ಎರಡೂ ಪಕ್ಕಕ್ಕೆ ಕೈಚಾಚಿ ನಿಂತಿರುವುದರಿಂದ ಬಿದ್ದರೆ ನೆಲಕ್ಕೆ ಮೊದಲು ತಾಗುವುದು ಸಿಲಿಂಡರ್ ಹೆಡ್‌ನ ಮುಚ್ಚಳ. ಅದಕ್ಕೆ ತುಸು ಜಾಗ ಬಿಟ್ಟು ಸುತ್ತುವ ಪೈಪೋ, ಹೆಡ್ ಕವರ್ ಗಾರ್ಡೋ ಇರಲೇಬೇಕು.

ತೂಕ ಮೂರರಿಂದ ಆರು ಕಿಲೋ. ಓಡಿಸುವಾಗ ಗೊತ್ತಾಗುವುದಿಲ್ಲ. ಗಾಡಿ ತಳ್ಳುವಾಗ ಸ್ವಲ್ಪ ಗೊತ್ತಾಗುತ್ತದೆ.

ವೇಗದಲ್ಲಿ ಬಿದ್ದರೆ ಪೈಪು ಗಾರ್ಡ್ ಅಷ್ಟೇನೂ ಒಳ್ಳೆಯ ಗೆಳೆಯನಲ್ಲ. ಉಕ್ಕು ಟಾರಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ ನಿಜ. ಆದರೆ ದಾರಿಯಲ್ಲಿ ಒಂದು ಗುಂಡಿಯ ಅಂಚೋ, ರಸ್ತೆ ಬದಿಯ ಕಲ್ಲೋ ಸಿಕ್ಕರೆ ಆ ಬಳೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ, ಗಾಡಿ ಪಲ್ಟಿ ಹೊಡೆಯುತ್ತದೆ.

ಸ್ಲೈಡರ್

ಒಂದು ಉದ್ದ ಬೋಲ್ಟು, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಗುಬುಟು. ಒಳ್ಳೆಯವು ಅಸಿಟಾಲ್ ಅಥವಾ ನೈಲಾನಿನವು. ಪೆನ್ಸಿಲ್ ಗೆರೆ ಅಳಿಸುವಾಗ ರಬ್ಬರ್ ಸವೆಯುವ ಹಾಗೆ ಇವು ಟಾರಿನ ಮೇಲೆ ಸವೆಯುತ್ತಾ ಹೋಗುತ್ತವೆ. ಕೆಲಸವೇ ಅದು. ಅಲ್ಯೂಮಿನಿಯಂ ಗುಬುಟು ಹೊಳೆಯುತ್ತದೆ, ಆದರೆ ಟಾರಿಗೆ ಕಚ್ಚಿಕೊಳ್ಳುತ್ತದೆ. ಅದು ನನಗೆ ಹಿಡಿಸಿಲ್ಲ.

ಕೊಳ್ಳುವಾಗ ಬೋಲ್ಟಿನ ತಲೆ ಎಷ್ಟು ಒಳಗಿದೆ ನೋಡಿ. ಗುಬುಟಿನ ತುದಿಯಿಂದ ಚೆನ್ನಾಗಿ ಒಳಗೆ ಹೂತಿರಬೇಕು. ತುದಿಯಲ್ಲೇ ಇದ್ದರೆ ಪ್ಲಾಸ್ಟಿಕ್ ಸ್ವಲ್ಪ ಸವೆದ ಕೂಡಲೇ ಉಕ್ಕಿನ ತಲೆ ನೆಲಕ್ಕೆ ತಾಗುತ್ತದೆ. ಆಮೇಲೆ ಅದು ಸ್ಲೈಡರ್ ಅಲ್ಲ, ಮೊಳೆ.

ಉದ್ದದ ವಿಷಯದಲ್ಲಿ ಸ್ಲೈಡರಿಗೆ ಎರಡೂ ಕಡೆಯಿಂದ ಇಕ್ಕಟ್ಟು. ಗಿಡ್ಡ ಇದ್ದರೆ ಎಂಜಿನ್ ಕವರ್ ಅದಕ್ಕಿಂತ ಮೊದಲೇ ನೆಲ ಮುಟ್ಟುತ್ತದೆ. ಉದ್ದ ಇದ್ದರೆ ಹಾರೆಯ ಕೆಲಸ ಮಾಡುತ್ತದೆ: ತುದಿಗೆ ಬಿದ್ದ ಹೊಡೆತ ಬುಡದಲ್ಲಿ ಎಷ್ಟೋ ಪಟ್ಟಾಗಿ ಬೋಲ್ಟನ್ನು ಬಗ್ಗಿಸುತ್ತದೆ, ಥ್ರೆಡ್ ಕೀಳುತ್ತದೆ. ನನಗಾದದ್ದು ಇದೇ. ಫೇರಿಂಗ್, ಅಂದರೆ ಪಕ್ಕ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ, ಇರುವ ಗಾಡಿಗಳಲ್ಲಿ ಇನ್ನೊಂದು ತೊಡಕು. ಬೋಲ್ಟ್ ನೇರವಾಗಿ ಹೊರಗೆ ಬರಬೇಕಾದರೆ ಫೇರಿಂಗ್ ಕೊರೆಯಬೇಕು. ಕೊರೆಯಲು ಮನಸ್ಸು ಬರುವುದಿಲ್ಲ ಅಲ್ವಾ? ಅದಕ್ಕೇ ಒಂದು ಅಡ್ಡ ಪಟ್ಟಿ ಇಟ್ಟು ಗುಬುಟನ್ನು ಪಕ್ಕಕ್ಕೆ ಸರಿಸಿದ ಮಾದರಿಗಳೂ ಸಿಗುತ್ತವೆ. ಫೇರಿಂಗ್ ಉಳಿಯುತ್ತದೆ, ಆದರೆ ಬಿದ್ದಾಗ ಆ ಪಟ್ಟಿ ಬೋಲ್ಟನ್ನು ತಿರುಚುತ್ತದೆ. ರೇಸ್ ಟ್ರ್ಯಾಕಿಗೆ ಹೋಗುವವರು ಫೇರಿಂಗ್ ಕೊರೆದೇ ನೇರ ಸ್ಲೈಡರ್ ಹಾಕಿಸಿಕೊಳ್ಳಲಿ.

ಟಾರು ಬಿಟ್ಟು ಮಣ್ಣಿಗೋ ಹುಲ್ಲಿಗೋ ಇಳಿದರೆ ಸ್ಲೈಡರ್ ಜಾರುವುದಿಲ್ಲ, ಗೂಟದ ಹಾಗೆ ನೆಡುತ್ತದೆ. ಕಚ್ಚಾ ದಾರಿಯವರಿಗೆ ಇದು ಹೇಳಿಸಿದ್ದಲ್ಲ.

ಕೇಸ್ ಕವರ್

ಇದರ ಬಗ್ಗೆ ಜನ ಮಾತಾಡುವುದೇ ಕಡಿಮೆ, ಯಾಕೆಂದರೆ ಕಣ್ಣಿಗೆ ಬೀಳುವುದಿಲ್ಲ. ಎಂಜಿನ್ನಿನ ಒಂದು ಪಕ್ಕ ಕ್ಲಚ್ ಕವರ್, ಇನ್ನೊಂದು ಪಕ್ಕ ಮ್ಯಾಗ್ನೆಟ್ ಕವರ್. ಎರಡೂ ತೆಳು ಲೋಹದವು, ಬಹಳಷ್ಟು ಎಂಜಿನ್‌ಗಳಲ್ಲಿ ಎರಡರ ಹಿಂದೆಯೂ ಆಯಿಲ್. ಉಜ್ಜಿ ಉಜ್ಜಿ ತೂತಾದರೆ ಆಯಿಲ್ ರಸ್ತೆಗೆ, ಅಲ್ಲಿಂದ ಹಿಂದಿನ ಟೈರಿಗೆ. ಹಿಂದೆ ಬರುವವನಿಗೂ ಅಪಾಯ. ಅದಕ್ಕೇ ಅಂತರರಾಷ್ಟ್ರೀಯ ಸೂಪರ್‌ಬೈಕ್ ರೇಸುಗಳಲ್ಲಿ ಆಯಿಲ್ ಇರುವ ಪಕ್ಕದ ಕವರ್‌ಗಳ ಮೇಲೆ ಇನ್ನೊಂದು ಕವರ್ ಇರಲೇಬೇಕು ಅನ್ನುವ ನಿಯಮವಿದೆ.

ಗ್ಲಾಸ್ ಫೈಬರ್ ಸೇರಿಸಿದ ನೈಲಾನಿನ ಕವರ್‌ಗಳು ಸಿಗುತ್ತವೆ. ಮೂಲ ಕವರಿನ ಬೋಲ್ಟ್ ತೆಗೆದು ಸ್ವಲ್ಪ ಉದ್ದದ ಬೋಲ್ಟ್ ಹಾಕಿ ಕೂರಿಸುವುದು ಒಂದು ಬಗೆ, ಅಂಟಿನಿಂದ ಅಂಟಿಸುವುದು ಇನ್ನೊಂದು. ಬೋಲ್ಟಿನದೇ ವಾಸಿ. ಅಂಟಿಸುವುದಾದರೆ ಎಣ್ಣೆಯ ಪಸೆ ಪೂರ್ತಿ ಹೋಗುವವರೆಗೆ ಸ್ಪಿರಿಟ್ ಹಾಕಿ ಒರೆಸಬೇಕು. ಇಲ್ಲದಿದ್ದರೆ ಬೇಸಿಗೆಯ ಒಂದು ಉದ್ದ ಓಟದಲ್ಲಿ ಬಿದ್ದುಹೋಗುತ್ತದೆ, ಎಲ್ಲಿ ಬಿತ್ತು ಅಂತಲೂ ಗೊತ್ತಾಗುವುದಿಲ್ಲ. ಈ ಕವರ್‌ಗಳಿಗೆ ಹಾರೆಯ ತೊಂದರೆ ಇಲ್ಲ. ಹೊಡೆತ ಅಗಲಕ್ಕೆ ಹರಡಿ ಹೋಗುತ್ತದೆ. ಪೈಪು ಗಾರ್ಡ್ ಕೂರಿಸಲು ಗಟ್ಟಿ ಜಾಗವೇ ಇಲ್ಲದ ಗಾಡಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಬ್ಯಾಶ್ ಪ್ಲೇಟ್

ಕೆಳಗಿನ ಹೊಡೆತಕ್ಕೆ ಮೇಲಿನ ಯಾವುದೂ ಅಡ್ಡ ಬರುವುದಿಲ್ಲ. ಮುಂದಿನ ಚಕ್ರ ಎಸೆಯುವ ಕಲ್ಲು ಸೈಲೆನ್ಸರ್ ಪೈಪಿಗೆ, ಆಯಿಲ್ ಫಿಲ್ಟರಿಗೆ ಹೊಡೆಯುತ್ತದೆ. ಬಂಡೆಯ ಮೇಲೆ ಗಾಡಿ ಕೂತರೆ ಆಯಿಲ್ ಚೇಂಬರ್ ಒಡೆಯುತ್ತದೆ, ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ.

ಮೂರು ನಾಲ್ಕು ಮಿ.ಮೀ. ದಪ್ಪದ ಅಲ್ಯೂಮಿನಿಯಂ ಒಂದು ದಾರಿ, ದಪ್ಪ ಪ್ಲಾಸ್ಟಿಕ್ ಇನ್ನೊಂದು. ಅಲ್ಯೂಮಿನಿಯಂ ನೆಗ್ಗುತ್ತದೆ, ನೆಗ್ಗಿದ್ದನ್ನು ಬಡಿದು ಸರಿಮಾಡಬಹುದು. ಆದರೆ ಎಂಜಿನ್ ಸದ್ದನ್ನು ತಮಟೆಯಂತೆ ಹೊರಗೆ ಹಾಕುತ್ತದೆ. ಪ್ಲಾಸ್ಟಿಕ್ ಸದ್ದು ಮಾಡುವುದಿಲ್ಲ, ಮರದ ದಿಮ್ಮಿ ಬಂಡೆಗಳ ಮೇಲೆ ಜಾರಿಕೊಂಡು ಹೋಗುತ್ತದೆ, ಆದರೆ ಸೈಲೆನ್ಸರ್ ಪೈಪಿಗೆ ತೀರಾ ಹತ್ತಿರ ಇದ್ದರೆ ಮೆತ್ತಗಾಗುತ್ತದೆ. ಬರೀ ಜಲ್ಲಿ ದಾರಿಯವರಿಗೆ ಯಾವುದಾದರೂ ಸರಿ.

ಇಲ್ಲೂ ಬೋಲ್ಟಿನದೇ ಮಾತು. ಪ್ಲೇಟ್ ಫ್ರೇಮಿಗೆ ಕೂತಿದ್ದರೆ, ಪ್ಲೇಟಿಗೂ ಎಂಜಿನ್ನಿಗೂ ನಡುವೆ ಬೆರಳು ತೂರುವಷ್ಟು ಜಾಗ ಇದ್ದರೆ ಅದು ಪ್ಲೇಟ್. ಎಂಜಿನ್ನಿನ ತಳಕ್ಕೇ ಒತ್ತಿಕೊಂಡಿದ್ದರೆ ಕಲ್ಲಿನ ಹೊಡೆತ ನೇರ ಎಂಜಿನ್ನಿಗೇ ಹೋಗುತ್ತದೆ. ಗಾಡಿಯ ಜೊತೆಗೇ ಬರುವ ತೆಳು ಪ್ಲಾಸ್ಟಿಕ್ ತಟ್ಟೆ ಕೆಸರು ತಡೆಯಲು ಅಷ್ಟೇ. ಅದನ್ನು ನೆಚ್ಚಿಕೊಂಡು ಬಂಡೆಗೆ ಹೋಗಬೇಡಿ. ಇನ್ನೊಂದು, ಆಯಿಲ್ ಬದಲಾಯಿಸುವ ಡ್ರೈನ್ ಬೋಲ್ಟಿಗೆ ಪ್ಲೇಟಿನಲ್ಲಿ ತೂತು ಇದೆಯಾ ನೋಡಿ. ಇಲ್ಲದಿದ್ದರೆ ಪ್ರತಿ ಸಲ ಪ್ಲೇಟ್ ಬಿಚ್ಚಬೇಕು.

ಕಾಲು ಉಳಿಯುತ್ತದೆಯೇ?

ಪೈಪು ಗಾರ್ಡಿಗೆ ಲೆಗ್ ಗಾರ್ಡ್ ಅನ್ನುವ ಹೆಸರೂ ಇದೆ. ಆ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳನ್ನು ನಡೆದ ಜಾಗಕ್ಕೇ ಹೋಗಿ ಪರೀಕ್ಷಿಸಿತ್ತು. 1981ರಲ್ಲಿ ಬಂದ ವರದಿಯಲ್ಲಿ ಕ್ರ್ಯಾಶ್ ಬಾರ್ ಬಗ್ಗೆಯೂ ಒಂದು ಮಾತಿದೆ. ಪಾದ ಮತ್ತು ಹರಡಿನ ಗಾಯ ಕಡಿಮೆಯಾಗುತ್ತದೆ, ಆದರೆ ತೊಡೆ, ಮೊಣಕಾಲು, ಮೊಣಕಾಲಿನ ಕೆಳಗಿನ ಗಾಯ ಅಷ್ಟೇ ಜಾಸ್ತಿಯಾಗುತ್ತದೆ. ಒಟ್ಟಿನಲ್ಲಿ ಲಾಭವಿಲ್ಲ ಅನ್ನುವುದು ಅದರ ಸಾರ. ಹಳೆಯ ವರದಿ ನಿಜ, ಆದರೆ ಪೈಪಿನ ಆಕಾರ ಈಗಲೂ ಹೆಚ್ಚುಕಡಿಮೆ ಅದೇ.

ಗಾಡಿ ನಿಧಾನಕ್ಕೆ ಮಲಗಿದಾಗ ಕಾಲು ಅಡಿಗೆ ಸಿಕ್ಕದಂತೆ ಗಾರ್ಡ್ ಸ್ವಲ್ಪ ಜಾಗ ಬಿಡುತ್ತದೆ, ಅಷ್ಟರಮಟ್ಟಿಗೆ ಉಪಕಾರ. ಕಾರು ಪಕ್ಕದಿಂದ ಗುದ್ದಿದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಎಂಜಿನ್ನಿಗೆ ಗಾರ್ಡ್, ಕಾಲಿಗೆ ಬೂಟು. ಗಾರ್ಡಿನ ಮೇಲೆ ಇನ್ನೊಂದು ಜೊತೆ ಫುಟ್‌ಪೆಗ್ ಹಾಕಿ ಕಾಲು ಚಾಚಿ ಕೂರುವವರನ್ನು ನೋಡಿದಾಗ ನನಗೆ ಬ್ರೇಕ್ ಪೆಡಲ್ ನೆನಪಾಗುತ್ತದೆ. ಅದು ಎಷ್ಟು ದೂರ ಇದೆ!

ಅಳೆದು ನೋಡಿ

ಗಾರ್ಡ್ ಸಾಕಷ್ಟು ಹೊರಗೆ ಬಂದಿದೆಯಾ ಅಂತ ತಿಳಿಯಲು ಒಂದು ಉದ್ದನೆಯ ನೇರ ಹಲಗೆ ಸಾಕು. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಹಲಗೆಯ ಒಂದು ತುದಿಯನ್ನು ಹ್ಯಾಂಡಲ್ ತುದಿಗೆ, ಇನ್ನೊಂದು ಕಡೆಯನ್ನು ಗಾರ್ಡಿನ ಅತಿ ಹೊರಗಿನ ಜಾಗಕ್ಕೆ ತಾಗಿಸಿ. ಹಲಗೆ ಗಾಡಿ ಬಿದ್ದಾಗ ಬರುವ ನೆಲ ಅಂದುಕೊಳ್ಳಿ. ಎಂಜಿನ್ ಕವರ್ ಹಲಗೆಗೆ ಮುಟ್ಟಿದರೆ ಗಾರ್ಡ್ ಇದ್ದೂ ಇಲ್ಲದಂತೆ. ಎರಡು ಬೆರಳಾದರೂ ಸಂದು ಬೇಕು, ಯಾಕೆಂದರೆ ಗಾರ್ಡ್ ಬಿದ್ದಾಗ ಒಳಕ್ಕೆ ಬಗ್ಗುತ್ತದೆ. ಆಮೇಲೆ ಹಲಗೆಯನ್ನು ಗಾರ್ಡಿನಿಂದ ಹಿಂದಿನ ಫುಟ್‌ಪೆಗ್ಗಿಗೆ ಇಟ್ಟು ಹಾಗೇ ನೋಡಿ. ಟ್ಯಾಂಕ್, ಗೇರ್ ಲಿವರ್ ಎಲ್ಲ ಹಲಗೆಯ ಒಳಗಡೆ ಉಳಿಯಿತಾ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಇನ್ನೊಂದು ಮಾಡಿ. ನಿಮ್ಮದೇ ಮಾದರಿಯ ಗಾಡಿಗೆ ಆ ಗಾರ್ಡ್ ಹಾಕಿದ್ದರೆ ಅದನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಗಾಡಿ ಅಲ್ಲಾಡಬೇಕು. ಗಾರ್ಡ್ ಮಾತ್ರ ಅಲ್ಲಾಡಿದರೆ ಮುಂದಕ್ಕೆ ನಡೆಯಿರಿ. ಎಲ್ಲ ಗಾಡಿಗೂ ಆಗುತ್ತೆ ಅನ್ನುವ ಗಾರ್ಡ್ ಯಾವ ಗಾಡಿಗೂ ಸರಿಯಾಗಿ ಕೂರುವುದಿಲ್ಲ. ಯು ಆಕಾರದ ಕ್ಲ್ಯಾಂಪ್ ಹಾಕಿ ಫ್ರೇಮಿಗೆ ಬಿಗಿಯುವ ಅವು ಬಿದ್ದಾಗ ಸುತ್ತಿಕೊಳ್ಳುತ್ತವೆ, ಜೊತೆಗೆ ಫ್ರೇಮಿನ ಬಣ್ಣವನ್ನೂ ಕೆರೆದು ತೆಗೆಯುತ್ತವೆ.

ಲೋಹದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಾದಾ ಉಕ್ಕಿಗೆ ಪೌಡರ್ ಕೋಟಿಂಗ್ ಮಾಡಿದ್ದು ಸಾಕು, ಗೀರು ಬಿದ್ದ ಕಡೆ ತುಕ್ಕು ಹಿಡಿಯದಂತೆ ಆಗಾಗ ಬಣ್ಣ ಮುಟ್ಟಿಸಬೇಕು ಅಷ್ಟೇ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಅಲ್ಯೂಮಿನಿಯಂ ಪೈಪು ಹಗುರ, ಆದರೆ ಉಕ್ಕಿನ ಮೂರನೇ ಒಂದು ಭಾಗದಷ್ಟೇ ಬಿಗಿತ, ಬಗ್ಗಿದ್ದನ್ನು ನೆಟ್ಟಗೆ ಮಾಡಲು ಹೋದರೆ ಸೀಳುವುದೂ ಉಂಟು. ವೆಲ್ಡಿಂಗ್ ಮಾತ್ರ ಕಣ್ಣಿಟ್ಟು ನೋಡಿ. ಪೈಪಿನ ಸುತ್ತ ಪೂರ್ತಿ ಬಂದಿರಬೇಕು, ಅಲ್ಲಲ್ಲಿ ಚುಕ್ಕೆ ಇಟ್ಟ ಹಾಗಲ್ಲ.

ಕೂರಿಸುವಾಗ

ಬಹಳಷ್ಟು ಗಾರ್ಡ್‌ಗಳು ಎಂಜಿನ್ ಮೌಂಟಿನ ಬೋಲ್ಟ್ ತೆಗೆದು, ಅದೇ ತೂತಿಗೆ ಉದ್ದದ ಬೋಲ್ಟ್ ಹಾಕಿ ಕೂರುತ್ತವೆ. ಇಲ್ಲಿ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬೋಲ್ಟ್. ಎರಡು ಮೂರು ಒಟ್ಟಿಗೆ ತೆಗೆದರೆ ಎಂಜಿನ್ ಒಂದೆರಡು ಮಿ.ಮೀ. ಕುಸಿಯುತ್ತದೆ, ಆಮೇಲೆ ತೂತುಗಳು ಒಂದಕ್ಕೊಂದು ಸೇರುವುದಿಲ್ಲ. ಮೊದಲೇ ಎಂಜಿನ್ ಕೆಳಗೆ ಜಾಕ್ ಇಟ್ಟು, ನಡುವೆ ಒಂದು ಮರದ ತುಂಡು ಇಟ್ಟು, ಭಾರ ತಾಗಿಯೂ ತಾಗದ ಹಾಗೆ ಎತ್ತಿಕೊಳ್ಳಿ. ಬೋಲ್ಟ್ ಕೈಯಲ್ಲೇ ತಿರುಗಿಕೊಂಡು ಹೊರಬಂದರೆ ಜಾಕ್ ಸರಿಯಾಗಿದೆ. ಒದ್ದಾಡಿಕೊಂಡು ಬಂದರೆ ಜಾಕನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ.

ಹೊಸ ಬೋಲ್ಟನ್ನು ಹಳೆಯದರ ಪಕ್ಕ ಇಟ್ಟು ನೋಡುವುದನ್ನು ಮರೆಯಬೇಡಿ. ಗಾರ್ಡಿನ ಪಟ್ಟಿ ಮತ್ತು ವಾಷರ್ ಎಷ್ಟು ದಪ್ಪವೋ ಅಷ್ಟು ಉದ್ದ ಜಾಸ್ತಿ ಇರಬೇಕು. ಕಡಿಮೆ ಇದ್ದರೆ ಥ್ರೆಡ್ಡಿಗೆ ಹಿಡಿತ ಸಿಗುವುದಿಲ್ಲ. ಅಲ್ಯೂಮಿನಿಯಂ ಕೇಸಿನ ಒಳಗೆ ಬೋಲ್ಟ್ ತನ್ನ ದಪ್ಪದ ಒಂದೂವರೆ ಪಟ್ಟಾದರೂ ಇಳಿದಿರಬೇಕು, ಅಂದರೆ 10 ಮಿ.ಮೀ. ಬೋಲ್ಟ್ ಆದರೆ 15 ಮಿ.ಮೀ. ತಲೆಯ ಮೇಲೆ ಬಲದ ದರ್ಜೆ ಹೇಳುವ 8.8 ಅಥವಾ 10.9 ಅಂತ ಕೆತ್ತಿದೆಯಾ ನೋಡಿ. ಏನೂ ಬರೆಯದ ಬೋಲ್ಟನ್ನು ಎಂಜಿನ್ ಮೌಂಟಿಗೆ ಹಾಕಬೇಡಿ.

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಸಡಿಲವಾಗಿ ತಿರುಗಿಸಿ ಬಿಡಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ತೂತು ಖಂಡಿತ ಸೇರುವುದಿಲ್ಲ. ಎರಡು ಮೂರು ಮಿ.ಮೀ. ಸಂದು ಉಳಿದರೆ ಅಲ್ಲಿಗೆ ವಾಷರೋ ಸ್ಪೇಸರೋ ಇಡಿ. ಸುತ್ತಿಗೆಯಿಂದ ಹೊಡೆದು, ಪೈಪಿಗೆ ಪೈಪು ಹಾಕಿ ಎಳೆದು ಕೂರಿಸುವವರನ್ನು ನೋಡಿದ್ದೇನೆ. ಹಾಗೆ ಕೂತ ಗಾರ್ಡ್ ಸದಾ ಎಳೆತದಲ್ಲೇ ಇರುತ್ತದೆ. ಎಂಜಿನ್ನಿನ ನಡುಕ ಸೇರಿ ಒಂದು ದಿನ ವೆಲ್ಡಿಂಗ್ ಬಿರುಕು ಬಿಡುತ್ತದೆ.

ಬಿಗಿಯಲು ಟಾರ್ಕ್ ರೆಂಚ್, ಅಂದರೆ ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೇವೆ ಅಂತ ಅಳೆಯುವ ಪಾನಾ, ಬೇಕೇ ಬೇಕು. ಗಾಡಿಯ ಸರ್ವೀಸ್ ಮ್ಯಾನ್ಯುಯಲ್ ಹೇಳಿದ ಲೆಕ್ಕವೇ ಕೊನೆಯ ಮಾತು. ಉಕ್ಕಿಗೆ ಉಕ್ಕು ಕೂರುವಲ್ಲಿ 8.8 ದರ್ಜೆಯ 8 ಮಿ.ಮೀ. ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, 10 ಮಿ.ಮೀ.ಗೆ 45ರಿಂದ 50 ಅನ್ನುವ ಅಂದಾಜು ಇಟ್ಟುಕೊಳ್ಳಬಹುದು. ಥ್ರೆಡ್ಡಿಗೆ ಆಯಿಲ್ ಸವರಿ ಅಷ್ಟೇ ಬಿಗಿದರೆ ಬೋಲ್ಟ್ ಮೇಲೆ ಎಳೆತ ಜಾಸ್ತಿ ಬೀಳುತ್ತದೆ, ಹಾಗಾಗಿ ಒರೆಸಿಯೇ ಹಾಕಿ. ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಬಣ್ಣದ ಥ್ರೆಡ್ ಲಾಕ್, ಒಂದು ಹನಿ ಸಾಕು. ಕೆಂಪು ಬೇಡ, ಅದನ್ನು ಬಿಚ್ಚಲು ಬೆಂಕಿ ತೋರಿಸಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ನಾನು ಬೂಟು ಹಾಕಿಕೊಂಡು ಕೂತು ನೋಡುತ್ತೇನೆ. ಗೇರ್ ಮೇಲೆ ಕೆಳಗೆ, ಬ್ರೇಕ್ ಪೂರ್ತಿ, ಹ್ಯಾಂಡಲ್ ಎರಡೂ ತುದಿಯವರೆಗೆ. ಚಪ್ಪಲಿಯಲ್ಲಿ ಸರಿ ಇದ್ದದ್ದು ಬೂಟಿನಲ್ಲಿ ಗಾರ್ಡಿಗೆ ತಾಗುತ್ತದೆ. ಮುಂದಿನ ಫೋರ್ಕ್ ಪೂರ್ತಿ ಒತ್ತಿದಾಗ ಮಡ್‌ಗಾರ್ಡ್ ಎಲ್ಲಿಗೆ ಬರುತ್ತದೆ, ರೇಡಿಯೇಟರ್ ಫ್ಯಾನಿಗೆ ಗಾಳಿ ಅಡ್ಡ ಬಂತಾ, ಕ್ಲಚ್ ಕೇಬಲ್ ಪೈಪಿಗೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡಿತಾ, ಆಯಿಲ್ ಮಟ್ಟ ನೋಡುವ ಗಾಜು ಕಾಣುತ್ತಾ. ಐದು ನಿಮಿಷದ ಕೆಲಸ.

ಇನ್ನು ಹಳದಿ ಪೇಂಟ್ ಪೆನ್ನು. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಟ್ಟಿಯ ಮೇಲಕ್ಕೆ ಒಂದು ನೇರ ಗೆರೆ ಎಳೆಯಿರಿ. ಪೌಡರ್ ಕೋಟಿಂಗಿನ ಪದರ ಬೋಲ್ಟಿನ ಒತ್ತಡಕ್ಕೆ ನಿಧಾನವಾಗಿ ಕುಗ್ಗುತ್ತದೆ, ಆಗ ಬಿಗಿದದ್ದು ಸಡಿಲವಾಗುತ್ತದೆ. 100, 200 ಕಿ.ಮೀ. ಓಡಿದ ಮೇಲೆ ಒಮ್ಮೆ ಎಲ್ಲಕ್ಕೂ ಟಾರ್ಕ್ ರೆಂಚ್ ಹಾಕಿ ನೋಡಿ. ಸಡಿಲವಾದ ಬೋಲ್ಟ್ ತಿರುಗಿದ್ದರೆ ಗೆರೆ ತುಂಡಾಗಿ ಕಾಣುತ್ತದೆ. ನನ್ನ ಈಗಿನ ಗಾಡಿಯಲ್ಲಿ ಬಲಗಡೆ ಕೆಳಗಿನ ಬೋಲ್ಟಿನ ಗೆರೆ ಎರಡನೇ ವಾರವೇ ಅಕ್ಕಿಕಾಳಿನಷ್ಟು ಸರಿದಿತ್ತು. ಬಿಚ್ಚಿ, ಪಟ್ಟಿಯ ಅಡಿಯ ಬಣ್ಣ ಕೆರೆದು, ಮತ್ತೆ ಬಿಗಿದು ಹೊಸ ಗೆರೆ ಎಳೆದೆ. ಆಮೇಲೆ ಅದು ಅಲ್ಲಾಡಿಲ್ಲ.